ಡ್ರಾ ಆದ ಸರಣಿ ಮತ್ತು ಕಿಟಕಿ ಪಕ್ಕದ ಮೇಜಿನ ಹಂಚಿಕೆ ಕುರಿತು

ಸಂಖ್ಯೆ: ಆಡಳಿತ/ಮೂರನೇ ಮಹಡಿ/ಕಿಟಕಿ-1/ಮಳೆ
ದಿನಾಂಕ: ಐದನೇ ಟೆಸ್ಟ್ ನಿಂತುಹೋದ ಒಂಬತ್ತನೆಯ ದಿನ

ಸುತ್ತೋಲೆ

ವಿಷಯ: ಟೆಸ್ಟ್ ಸರಣಿಯ ಫಲಿತಾಂಶವನ್ನು ಮಳೆ ಕೆಡಿಸಿದ್ದರಿಂದ, ಶಾಖೆಯ ಏಕೈಕ ಕಿಟಕಿಯ ಪಕ್ಕದ ಮೇಜು ಯಾರದೆಂಬುದು ತೀರ್ಮಾನವಾಗದೆ ಉಳಿದಿರುವ ಬಗ್ಗೆ.

ಉಲ್ಲೇಖ:
1. ಶೀಘ್ರಲಿಪಿಗಾರರು ಮತ್ತು ರವಾನೆ ಗುಮಾಸ್ತೆಯವರ ನಡುವಿನ ಒಪ್ಪಂದ ಪತ್ರ (ಹಳೆಯ ಕ್ಯಾಲೆಂಡರಿನ ಹಿಂಬದಿ).
2. ಅದೇ ಇಬ್ಬರ ನಡುವೆ, ಆರು ಅಡಿ ಅಂತರದಲ್ಲಿ, ನಡೆದ ಇಪ್ಪತ್ತೆರಡು ಪತ್ರಗಳ ವ್ಯವಹಾರ.
3. ಸಂಬಂಧಪಟ್ಟವರ ಹೇಳಿಕೆಗಳು.
4. ಆಕಾಶ (ಖುದ್ದು ಪರಿಶೀಲನೆ).

ಪ್ರಸ್ತಾವನೆ

ಮೂರನೇ ಮಹಡಿಯ ಆಡಳಿತ ಶಾಖೆಯಲ್ಲಿ ಹದಿನಾಲ್ಕು ಮೇಜುಗಳೂ ಒಂದು ಕಿಟಕಿಯೂ ಇರುತ್ತವೆ. ಉಳಿದ ಕಿಟಕಿಗಳ ಮುಂದೆ ಕಡತದ ಬೀರುಗಳನ್ನು ನಿಲ್ಲಿಸಲಾಗಿದ್ದು, ಅಲ್ಲಿ ಕಿಟಕಿಗಳಿವೆ ಎಂಬುದು ಕಟ್ಟಡದ ನಕ್ಷೆಯಿಂದ ಮಾತ್ರ ತಿಳಿದುಬರುತ್ತದೆ. ಇರುವ ಒಂದು ಕಿಟಕಿಯ ಪಕ್ಕ ಕೂರುತ್ತಿದ್ದ ಹಿರಿಯ ಸಹಾಯಕರು ನಿವೃತ್ತರಾದ ಮೇಲೆ, ಸದರಿ ಮೇಜಿಗೆ ಇಬ್ಬರು ಹಕ್ಕು ಮಂಡಿಸಿರುತ್ತಾರೆ.

ಒಬ್ಬರು ಶೀಘ್ರಲಿಪಿಗಾರರು. ಇವರನ್ನು ಶಾಖೆಯಲ್ಲಿ ಸ್ಕೋರಪ್ಪ ಎಂದು ಕರೆಯುವ ರೂಢಿ ಇದೆ. ಅಧಿಕಾರಿಗಳು ಹೇಳಿದ್ದನ್ನು ಬರೆದುಕೊಳ್ಳುವ ಪುಸ್ತಕದಲ್ಲೇ ಇವರು ಸ್ಕೋರನ್ನೂ ಬರೆದುಕೊಳ್ಳುವುದರಿಂದ, ಕಳೆದ ವರ್ಷದ ಸಭಾ ನಡವಳಿಯೊಂದರಲ್ಲಿ 'ನಿರ್ದೇಶಕರು ನಾಲ್ಕು ವಿಕೆಟ್ ನಷ್ಟಕ್ಕೆ ಒಪ್ಪಿಗೆ ನೀಡಿದರು' ಎಂದು ದಾಖಲಾಗಿದ್ದು, ಸದರಿ ಒಪ್ಪಿಗೆ ಈಗಲೂ ಜಾರಿಯಲ್ಲಿದೆ. ಇಪ್ಪತ್ತಮೂರು ವರ್ಷಗಳಿಂದ ಇವರ ಮೇಜು ಬೀರುವಿಗೆ ಮುಖ ಮಾಡಿದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇದೆ. "ಹೋಗೋ ಮುಂಚೆ ಎರಡು ವರ್ಷ ರಸ್ತೆ ನೋಡ್ಕೊಂಡು ಕೂರ್ತೀನಿ ಸರ್. ಬೀರು ಮುಖ ಬಾಯಿಪಾಠ ಆಗಿದೆ," ಎಂಬುದು ಇವರ ಕೋರಿಕೆ.

ಇನ್ನೊಬ್ಬರು ರವಾನೆ ಗುಮಾಸ್ತೆ. ಹೊರಹೋಗುವ ಪ್ರತಿ ಲಕೋಟೆಯ ಮೇಲೆ ವಿಳಾಸ ಬರೆದು, ವಹಿಯಲ್ಲಿ ಏರಿಸಿ, ಅಂಚೆಗೆ ಕಳಿಸುವುದು ಇವರ ಕೆಲಸವಾದ್ದರಿಂದ ಎಲ್ಲರಿಗೂ ಟಪಾಲಕ್ಕ. ತಮಗೆ ಕಿಟಕಿ ಏಕೆ ಬೇಕೆಂಬ ಪ್ರಶ್ನೆಗೆ ಇವರು "ಗಾಳಿಗೆ" ಎಂದಷ್ಟೇ ಉತ್ತರಿಸಿದ್ದರು. ಈ ಇಬ್ಬರೂ ಹತ್ತೊಂಬತ್ತು ವರ್ಷಗಳಿಂದ ಮಧ್ಯಾಹ್ನದ ಊಟದ ಡಬ್ಬಿಗಳನ್ನು ಒಟ್ಟಿಗೆ ಬಿಚ್ಚಿ, ಒಬ್ಬರ ಅಡುಗೆಗೆ ಇನ್ನೊಬ್ಬರು ಹೆಸರಿಡುತ್ತ ಉಣ್ಣುವುದು ಶಾಖೆಯ ಗಮನದಲ್ಲಿದೆ.

ನೀವು ನೀವೇ ಬಗೆಹರಿಸಿಕೊಳ್ಳಿ ಎಂದು ಕೆಳಸಹಿದಾರರು, ಅಂದರೆ ಈ ಸುತ್ತೋಲೆಗೆ ಸಹಿ ಹಾಕಿರುವ ಸಹಾಯಕ ನಿರ್ದೇಶಕರು, ಸೂಚಿಸಿದ ಮೇಲೆ, ಅವರು ಅದನ್ನು ಆಗಷ್ಟೇ ಶುರುವಾಗಲಿದ್ದ ಐದು ಟೆಸ್ಟ್‌ಗಳ ಸರಣಿಗೆ ಒಪ್ಪಿಸಿದರು. ಸರಣಿ ನಮ್ಮ ತಂಡ ಗೆದ್ದರೆ ಮೇಜು ಸ್ಕೋರಪ್ಪನವರಿಗೆ, ಪ್ರವಾಸಿ ತಂಡ ಗೆದ್ದರೆ ಟಪಾಲಕ್ಕನವರಿಗೆ. ಪ್ರವಾಸಿಗಳ ಪರ ನಿಂತದ್ದೇಕೆಂದು ಕೇಳಿದಾಗ ಟಪಾಲಕ್ಕನವರು, "ನಮ್ಮೋರ ಮೇಲೆ ಅಭಿಮಾನ ಇದೆ ಸರ್. ನಂಬಿಕೆ ಇಲ್ಲ," ಎಂದು ಸ್ಪಷ್ಟೀಕರಣ ನೀಡಿದರು. ಒಪ್ಪಂದಕ್ಕೆ ಕೆಳಸಹಿದಾರರೇ ಮೊಹರು ಒತ್ತಿದರು. ಸರಣಿ ಸಮವಾದರೆ ಏನೆಂದು ಕೇಳಬೇಕಿದ್ದ ಹೊತ್ತಿನಲ್ಲಿ ಅವರು ಮೊಹರಿನ ಶಾಯಿ ಪ್ಯಾಡು ಹುಡುಕುತ್ತಿದ್ದುದರಿಂದ, ಆ ಪ್ರಶ್ನೆ ಕೇಳಲಾಗಿಲ್ಲ.

ಸರಣಿ ಎರಡು–ಎರಡು ಸಮವಾಗಿ ಕೊನೆಯ ಟೆಸ್ಟ್‌ನ ಕೊನೆಯ ದಿನಕ್ಕೆ ಬಂತು. ಆ ಪಂದ್ಯ ಇದೇ ಊರಿನ ಮೈದಾನದಲ್ಲಿ, ಕಚೇರಿಯಿಂದ ಎರಡು ಮೈಲಿ ದೂರದಲ್ಲಿ ನಡೆದಿತ್ತು. ಮಧ್ಯಾಹ್ನ ಎರಡು ಐವತ್ತಕ್ಕೆ ನಮ್ಮವರ ಗೆಲುವಿಗೆ ಏಳು ರನ್ ಬೇಕಿತ್ತು; ಉಳಿದದ್ದು ಒಂದೇ ವಿಕೆಟ್. ಶಾಖೆಯ ಸಿಬ್ಬಂದಿ ಕೆಲಸ ಬಿಟ್ಟು ರೇಡಿಯೋ ಸುತ್ತ ನೆರೆದಿದ್ದಾರೆಂಬ ದೂರಿನ ಮೇರೆಗೆ ಕೆಳಸಹಿದಾರರು ಅವರನ್ನು ಚದುರಿಸಲು ಧಾವಿಸಿ, ವಿಚಾರಣೆಯ ಸಲುವಾಗಿ ಸ್ಕೋರು ಎಷ್ಟೆಂದು ಕೇಳಿ, ಅಲ್ಲಿಯೇ ಒಂದು ಸ್ಟೂಲಿನ ಮೇಲೆ ಕುಳಿತರು.

ಅಷ್ಟರಲ್ಲಿ ಮೈದಾನದಲ್ಲಿ ಮಳೆ ಬಂದು ಆಟಗಾರರು ಒಳಗೆ ಓಡಿದರೆಂದು ರೇಡಿಯೋ ಹೇಳಿತು. ಕಚೇರಿಯ ಕಿಟಕಿಯಲ್ಲಾದರೋ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸ್ಕೋರಪ್ಪನವರು ಅರ್ಧ ಮೈ ಹೊರಗೆ ಹಾಕಿ ಅಂಗೈ ಚಾಚಿ, "ಎಲ್ರೀ ಮಳೆ? ಒಂದು ಹನಿ ತೋರ್ಸಿ ನೋಡೋಣ! ಸುಳ್ಳು ಹೇಳ್ತಾ ಇದಾರೆ!" ಎಂದು ಕೂಗಿದರು. ವಿಷಯದ ಗಂಭೀರತೆ ಮನಗಂಡು ಶಾಖೆಯ ಬಾಗಿಲು ಕಾಯುವ ದಫೇದಾರರನ್ನು ಸೈಕಲ್ಲಿನ ಮೇಲೆ ಸ್ಥಳ ಪರಿಶೀಲನೆಗೆ ಕಳಿಸಲಾಯಿತು. ಅವರು ನಾಲ್ಕೂವರೆಗೆ ವಾಪಸಾಗಿ, ಬಾಗಿಲಲ್ಲಿ ನಿಂತು, ಮೀಸೆಯಿಂದ ನೀರು ಇಳಿಸುತ್ತ, "ವರದಿ ಬರ್ಕೊಡೋಕೆ ಕಾಗದ ಒಣಗಿಲ್ಲ ಸರ್. ನನ್ನೇ ನೋಡ್ಕೊಳ್ಳಿ," ಎಂದರು. ಅವರನ್ನು ನೋಡಿಕೊಳ್ಳಲಾಯಿತು. ಐದು ಹತ್ತಕ್ಕೆ ಪಂದ್ಯ ಡ್ರಾ, ಸರಣಿ ಸಮ ಎಂದು ಘೋಷಣೆಯಾಯಿತು.

"ಏಳೇ ರನ್ ರೀ! ಇನ್ನೆರಡು ಓವರ್ ಸಾಕಿತ್ತು!" ಎಂದರು ಸ್ಕೋರಪ್ಪ.

"ಆ ಕೊನೆಯೋನು ಬ್ಯಾಟ್ ಹಿಡಿಯೋದು ಪೊರಕೆ ಹಿಡಿದ ಹಾಗೆ. ಒಂದೇ ಬಾಲು ಸಾಕಿತ್ತು," ಎಂದರು ಟಪಾಲಕ್ಕ.

ಮೊದಮೊದಲು ನಗುತ್ತ ಆಡಿದ ಮಾತು ಆರು ಗಂಟೆಯ ಹೊತ್ತಿಗೆ ನಗುವಿನದಾಗಿ ಉಳಿಯಲಿಲ್ಲ. ಮರುದಿನದಿಂದ ಡಬ್ಬಿಗಳು ಬೇರೆ ಬೇರೆ ಮೇಜಿನಲ್ಲಿ ಬಿಚ್ಚಿಕೊಂಡವು. ಇಬ್ಬರೂ ಬಾಯಿ ಬಿಟ್ಟು ಮಾತಾಡದೆ, 'ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂದು ಶುರುವಾಗುವ ಪತ್ರಗಳನ್ನು ಸ್ವೀಕೃತಿ ವಹಿಯ ಮೂಲಕ ಪರಸ್ಪರ ಕಳಿಸಿಕೊಂಡರು. ಫ್ಯಾನಿನ ವೇಗ ಕಡಿಮೆ ಮಾಡಬೇಕೆಂಬ ಒಂದು ಕೋರಿಕೆಯೇ ಮೂರು ಜ್ಞಾಪನಗಳವರೆಗೆ ಹೋಯಿತು. ಅಷ್ಟರಲ್ಲಿ ಚಳಿಯಾಗಿ ಯಾರೋ ಫ್ಯಾನನ್ನೇ ಆರಿಸಿದರು.

ಆರನೆಯ ದಿನ, ಒಂದೇ ಪತ್ರ ಮೂರನೆಯ ಬಾರಿ ವಿಳಾಸ ತಪ್ಪೆಂದು ಅಂಚೆಯಿಂದ ಹಿಂದಿರುಗಿತು. ಮನೆ ಸಂಖ್ಯೆ ತೊಂಬತ್ತಾರರ ಬದಲು ಅರವತ್ತೊಂಬತ್ತಕ್ಕೆ ಹೋಗಿತ್ತು. ಟಪಾಲಕ್ಕನವರು 'ತಾವು ಪತ್ರದ ಮೇಲೆ ಟೈಪು ಮಾಡಿದ ವಿಳಾಸ ಅಸ್ಪಷ್ಟ' ಎಂದು ಇಪ್ಪತ್ತೆರಡನೆಯ ಪತ್ರ ಬರೆದರು. ಅದನ್ನು ಓದಿದ ಸ್ಕೋರಪ್ಪನವರು ಆರು ದಿನಗಳಲ್ಲಿ ಮೊದಲ ಬಾರಿ ಬಾಯಿ ಬಿಟ್ಟರು. "ಅಸ್ಪಷ್ಟನಾ? ಎಲ್ರ ಮುಂದೆ ಓದ್ರೀ, ನೋಡೇ ಬಿಡೋಣ!"

ಟಪಾಲಕ್ಕನವರು ವಾಪಸು ಬಂದ ಕಾಗದವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ದೂರ ಹಿಡಿದರು, ಹತ್ತಿರ ತಂದರು. ಆಮೇಲೆ ಎದ್ದು, ಖಾಲಿ ಇದ್ದ ಕಿಟಕಿಯ ಮೇಜಿನ ಬಳಿ ಹೋಗಿ, ಬೆಳಕಿಗೆ ಹಿಡಿದು, ಹೆಸರಿನಿಂದ ಪಿನ್‌ಕೋಡಿನವರೆಗೆ ಒಂದಕ್ಷರ ತಪ್ಪದೆ ಓದಿದರು. ಓದಿ ಮುಗಿಸಿ ಕಾಗದ ಮಡಚುತ್ತ, "ಆರು ತಿಂಗಳಿಂದ ಕಣ್ಣು ಹೀಗೇ ಇದೆ. ಡಾಕ್ಟ್ರು ಬೆಳಕಲ್ಲಿ ಕೂತ್ಕೊಳ್ಳಿ ಅಂದ್ರು. ಹೇಳಿದ್ರೆ ರವಾನೆಯಿಂದ ತೆಗೆದುಬಿಡ್ತೀರಿ ಅಂತ ಹೇಳ್ಲಿಲ್ಲ," ಎಂದರು. ಆ ದಿನ ಶಾಖೆಯಿಂದ ಯಾವುದೇ ಪತ್ರ ಹೊರಹೋಗಿರುವುದಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ, ಅಂದರೆ ಯಾರೂ ಬರುವ ಮೊದಲೇ, ಟಪಾಲಕ್ಕನವರ ವಹಿ, ಅಂಟಿನ ಬಾಟಲಿ, ಮೊಹರು ಮತ್ತು ಕುರ್ಚಿಯ ದಿಂಬು ಕಿಟಕಿಯ ಮೇಜಿಗೆ ಸ್ಥಳಾಂತರಗೊಂಡಿದ್ದವು. ಹೊತ್ತು ಹಾಕಿದವರು ಸ್ಕೋರಪ್ಪನವರೆಂದು ಬೀಗ ತೆಗೆದುಕೊಟ್ಟ ದಫೇದಾರರು ತಿಳಿಸಿದರು. ವಿವರಣೆ ಕೇಳಲಾಗಿ ಸ್ಕೋರಪ್ಪನವರು ನೀಡಿದ ಹೇಳಿಕೆ ಹೀಗಿದೆ: "ಕನಿಕರ ಗಿನಿಕರ ಏನೂ ಇಲ್ಲ ಸರ್, ಹಾಗೆ ಬರೀಬೇಡಿ. ಆ ಕೊನೆಯೋನು ಔಟಾಗ್ತಿದ್ದ. ಮೂವತ್ತು ವರ್ಷದಿಂದ ಆಟ ನೋಡ್ತಿದೀನಿ, ನಂಗೊತ್ತಾಗಲ್ವಾ? ಸರಣಿ ಅವ್ರದ್ದು. ಮೇಜೂ ಅವ್ರದ್ದು." ನಮ್ಮ ತಂಡ ಸೋಲುತ್ತಿತ್ತೆಂದು ಇವರು ಒಪ್ಪಿಕೊಂಡಿದ್ದು ಇಲಾಖೆಯ ಇತಿಹಾಸದಲ್ಲಿ ಇದೇ ಮೊದಲು.

ಹತ್ತು ಗಂಟೆಗೆ ಬಂದ ಟಪಾಲಕ್ಕನವರು ಇದನ್ನೆಲ್ಲ ನೋಡಿ, ಕೆಳಸಹಿದಾರರ ಕೋಣೆಗೆ ಬಂದು, "ಏಳು ರನ್ ತಾನೇ ಸರ್? ಅವನು ಕಣ್ಣು ಮುಚ್ಕೊಂಡು ಹೊಡೀತಿದ್ದ. ಮೇಜು ಸ್ಕೋರಪ್ಪೋರದ್ದು. ಬರ್ಕೊಳ್ಳಿ," ಎಂದು ಪ್ರತಿ ಹೇಳಿಕೆ ನೀಡಿ, ಅಂಟಿನ ಬಾಟಲಿಯನ್ನು ಹಳೆಯ ಜಾಗಕ್ಕೆ ಒಯ್ದರು. ಸ್ಕೋರಪ್ಪನವರು ಅದನ್ನು ಮತ್ತೆ ಕಿಟಕಿಗೆ ತಂದರು. ಮಧ್ಯಾಹ್ನದೊಳಗೆ ಸದರಿ ಬಾಟಲಿ ಐದು ಬಾರಿ ಪ್ರಯಾಣ ಮಾಡಿದೆ. ಹೀಗಾಗಿ ಮೊದಲು ಇಬ್ಬರೂ ಬೇಕೆಂದಿದ್ದರಿಂದ ಖಾಲಿ ಇದ್ದ ಮೇಜು, ಈಗ ಇಬ್ಬರೂ ಬೇಡವೆನ್ನುತ್ತಿರುವುದರಿಂದ ಖಾಲಿ ಉಳಿದಿದೆ. ಮಳೆ ಮುಗಿಸದೆ ಬಿಟ್ಟ ಕೆಲಸವನ್ನು ಮುಗಿಸುವ ಹೊಣೆ ಕೆಳಸಹಿದಾರರ ಮೇಲೆ ಬಿದ್ದಿರುವುದರಿಂದ, ಎಲ್ಲರ ತಿಳಿವಳಿಕೆಗಾಗಿ ಮತ್ತು ತಪ್ಪದ ಪಾಲನೆಗಾಗಿ ಈ ಕೆಳಕಂಡಂತೆ ವಿಧಿಸಲಾಗಿದೆ.

ವಿಧಿಗಳು

1. ಕಿಟಕಿಯ ಮೇಜನ್ನು ಅಡ್ಡಲಾಗಿ ತಿರುಗಿಸಿ ಎದುರುಬದುರು ಎರಡು ಕುರ್ಚಿ ಹಾಕತಕ್ಕದ್ದು. ಬೆಳಕು ಬೀಳುವ ಕಡೆ ಟಪಾಲಕ್ಕ, ರಸ್ತೆ ಕಾಣುವ ಕಡೆ ಸ್ಕೋರಪ್ಪ. ಟಪಾಲಕ್ಕನವರು ರವಾನೆಯಲ್ಲೇ ಮುಂದುವರಿಯುತ್ತಾರೆ. ಮೊಣಕೈ ತಾಗಿದಲ್ಲಿ ಅದನ್ನು ದೂರು ಎಂದು ಪರಿಗಣಿಸಲಾಗುವುದಿಲ್ಲ.

2. ಇನ್ನು ಮುಂದೆ ವಿಳಾಸಗಳನ್ನು ದೊಡ್ಡ ಅಕ್ಷರದಲ್ಲಿ ಟೈಪು ಮಾಡತಕ್ಕದ್ದು. ಈ ವಿಧಿಯನ್ನು ಬರೆಯುವಷ್ಟರಲ್ಲಿ ಸ್ಕೋರಪ್ಪನವರು ಅದನ್ನು ಮೂರು ದಿನಗಳಿಂದ ಮಾಡುತ್ತಿದ್ದಾರೆಂದು ತಿಳಿದುಬಂದಿದ್ದರೂ, ವಿಧಿಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

3. 'ಹೊಡೆಯುತ್ತಿದ್ದ', 'ಔಟಾಗುತ್ತಿದ್ದ', 'ಮಳೆ ಬರದೇ ಇದ್ದಿದ್ದರೆ' ಎಂಬ ಕ್ರಿಯಾಪದಗಳ ಬಳಕೆ ಮಧ್ಯಾಹ್ನ ಒಂದರಿಂದ ಒಂದೂವರೆಯವರೆಗೆ, ಡಬ್ಬಿ ತೆರೆದಿರುವಾಗ ಮಾತ್ರ. ಕಚೇರಿ ಪತ್ರಗಳಲ್ಲಿ ನಡೆದದ್ದನ್ನು ಮಾತ್ರ ಬರೆಯತಕ್ಕದ್ದು. ಏನೂ ನಡೆಯದಿದ್ದಲ್ಲಿ ಎಂದಿನಂತೆ 'ಕ್ರಮ ಜಾರಿಯಲ್ಲಿದೆ' ಎಂದು ಬರೆಯತಕ್ಕದ್ದು.

4. ಬಾಕಿ ಏಳು ರನ್ನುಗಳನ್ನು ರೂಲುದೊಣ್ಣೆ ಮತ್ತು ಉಂಡೆ ಮಾಡಿದ ಕಾಗದದಿಂದ ಶಾಖೆಯೊಳಗೇ ಹೊಡೆದು ಫಲಿತಾಂಶ ಪಡೆಯುವ ಪ್ರಯತ್ನವನ್ನು ನಿಷೇಧಿಸಲಾಗಿದೆ. ದಫೇದಾರರು ಈಗಾಗಲೇ ಹೊಡೆದಿರುವ ನಾಲ್ಕನ್ನು ಸರಣಿಗೆ ಸೇರಿಸಲಾಗದು. ಚೆಂಡಾಗಿ ಬಳಸಿದ ಕಾಗದ ಮೂಲ ದಾಖಲೆಯಾಗಿದ್ದು, ಬೀರುವಿನ ಹಿಂದೆ ಬಿದ್ದಿದೆ.

5. ಮಳೆಯನ್ನು 'ನಿಮ್ಮ ಮಳೆ', 'ನಿಮ್ಮ ಕಡೆಯ ಮಳೆ' ಎಂದು ಹಂಚತಕ್ಕದ್ದಲ್ಲ. ಮಳೆ ಯಾವ ಶಾಖೆಗೂ ಸೇರಿದ್ದಲ್ಲ ಎಂಬುದನ್ನು ಸಿಬ್ಬಂದಿ ಶಾಖೆಯಿಂದ ಖಚಿತಪಡಿಸಿಕೊಳ್ಳಲಾಗಿದೆ.

6. ಕಚೇರಿ ವೇಳೆಯಲ್ಲಿ ಆಕಾಶ ನೋಡಬಯಸುವವರು ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಮೋಡದ ಆಕಾರವನ್ನು ಮೇಲಧಿಕಾರಿಗಳಿಗೆ ಹೋಲಿಸುವಂತಿಲ್ಲ. ಹೋಲಿಕೆ ತೀರಾ ನಿಜವಿದ್ದಲ್ಲಿ ಇಬ್ಬರು ಸಾಕ್ಷಿಗಳ ಸಹಿ ಪಡೆಯತಕ್ಕದ್ದು.

7. ಅಕಾಲದಲ್ಲಿ ಬಂದದ್ದಕ್ಕೆ ಕಾರಣ ಕೇಳಿ ಮಳೆಗೆ ನೋಟಿಸು ಹೊರಡಿಸಿ, ವಿಳಾಸ ಲಭ್ಯವಿಲ್ಲದ ಕಾರಣ ಕಿಟಕಿಯ ಹೊರಗಟ್ಟೆಯ ಮೇಲೆ ಇಡಲಾಗಿತ್ತು. ಮೊನ್ನೆ ಸಂಜೆ ಮಳೆ ಖುದ್ದಾಗಿ ಬಂದು ಅದನ್ನು ತೋಯಿಸಿ ಹೋಗಿರುವುದರಿಂದ ನೋಟಿಸು ಜಾರಿಯಾಗಿದೆ ಎಂದು ಭಾವಿಸಲಾಗಿದೆ. ಉತ್ತರಕ್ಕೆ ಹದಿನೈದು ದಿನಗಳ ಕಾಲಾವಕಾಶ.

8. ಮುಂದೆ ಈ ಬಗೆಯ ಒಪ್ಪಂದಕ್ಕೆ ಮೊಹರು ಒತ್ತುವ ಮುನ್ನ ಗೆಲುವು, ಸೋಲು, ಡ್ರಾ, ಟೈ, ಮಂದ ಬೆಳಕು, ಮೈದಾನಕ್ಕೆ ನಾಯಿ ನುಗ್ಗುವುದು ಹಾಗೂ ಇಪ್ಪತ್ತೆರಡೂ ಆಟಗಾರರು ಬೇಜಾರಾಗಿ ಮನೆಗೆ ಹೋಗುವುದು, ಈ ಏಳು ಸಂದರ್ಭಗಳಿಗೂ ಪ್ರತ್ಯೇಕ ಕಾಲಂ ಇರತಕ್ಕದ್ದು.

9. ವಿಚಾರಣೆಗಾಗಿ ವಶಪಡಿಸಿಕೊಂಡ ರೇಡಿಯೋ ಕೆಳಸಹಿದಾರರ ಕೋಣೆಯಲ್ಲಿದೆ. ವಿಚಾರಣೆ ಮುಂದುವರಿದಿದೆ.

ಸಹಿ/-
ಸಹಾಯಕ ನಿರ್ದೇಶಕರು (ಆಡಳಿತ)
ಮೂರನೇ ಮಹಡಿ

ಪ್ರತಿಗಳು:
1. ಸ್ಕೋರಪ್ಪ ಮತ್ತು ಟಪಾಲಕ್ಕ ಅವರಿಗೆ, ಒಂದೇ ಪ್ರತಿ. ಮೇಜು ಒಂದೇ ಆದ್ದರಿಂದ.
2. ದಫೇದಾರರಿಗೆ, ಸಮವಸ್ತ್ರ ಒಣಗಿದ ಬಗ್ಗೆ ಅನುಪಾಲನಾ ವರದಿ ಸಲ್ಲಿಸಲು.
3. ನಿವೃತ್ತ ಹಿರಿಯ ಸಹಾಯಕರಿಗೆ, ಕಿಟಕಿ ಮುಚ್ಚಲು ಚಿಲಕವನ್ನು ಯಾವ ಕಡೆಗೆ ತಿರುಗಿಸಬೇಕೆಂದು ತಿಳಿಸುವ ಕೋರಿಕೆಯೊಂದಿಗೆ.
4. ರಜೆ ವಿಭಾಗಕ್ಕೆ: ಮುಂದಿನ ಸರಣಿಯ ಮೊದಲ ದಿನ ಮೈದಾನಕ್ಕೆ ಹೋಗಲು ಕ್ರಮ ಸಂಖ್ಯೆ 1ರ ಇಬ್ಬರೂ ಒಂದೇ ಅರ್ಜಿಯಲ್ಲಿ ರಜೆ ಕೋರಿದ್ದಾರೆ. ನಿಯಮಾನುಸಾರ ಎರಡು ಅರ್ಜಿ ಬರೆಸಿಕೊಳ್ಳುವುದು. ಮೂರನೆಯ ಅರ್ಜಿ ಕೆಳಸಹಿದಾರರದು, ಲಗತ್ತಿಸಿದೆ.