ಕಂಬ ನಿಂತವು

ಬೆಳಿಗ್ಗೆಯಿಂದ ಶಿವಕುಮಾರಸ್ವಾಮಿಯ ಕಂಪ್ಯೂಟರಿನಲ್ಲಿ ಕಂಬಗಳು ಅಡ್ಡಡ್ಡ ಮಲಗಿದ್ದವು, ಹೊಟ್ಟೆ ತುಂಬ ಮೇದು ನೆರಳು ಸೇರಿದ ಎಮ್ಮೆಗಳ ಹಾಗೆ.

ಹನೂರಿನ ಒಂದು ಸಂಸ್ಥೆಯಲ್ಲಿ ಅವನು ಆಪರೇಟರು. ಲೊಕ್ಕನಹಳ್ಳಿ ಕಾಡಂಚಿನ ಹನ್ನೆರಡು ಬ್ಲಾಕುಗಳಿಗೆ ಆನೆ ಎಷ್ಟೆಷ್ಟು ಸಲ ನುಗ್ಗಿತೆಂದು ‘ಆರ್’ ಎಂಬ ಸಾಫ್ಟ್‌ವೇರಿನಲ್ಲಿ ಕಂಬಗಳ ಗ್ರಾಫ್ ತೆಗೆಯಬೇಕಿತ್ತು. ಮೂರು ಗಂಟೆಗೆ ಅರಣ್ಯ ಇಲಾಖೆಯ ಸಾಹೇಬರು ಅದನ್ನು ನೋಡಲು ಬರುವವರಿದ್ದರು. ಸೋಲಾರ್ ಬೇಲಿ ಮೂರೇ ಬ್ಲಾಕಿಗೆ. ಹೆಚ್ಚು ಹಾವಳಿಯ ಮೂರೂ ಅಕ್ಕಪಕ್ಕ ಇದ್ದರೆ ಮಾತ್ರ ಮಂಜೂರು. ಹಾವಳಿ ಇದ್ದದ್ದೂ ಒಂದು, ಎರಡು, ಮೂರರಲ್ಲೇ. ಎರಡರಲ್ಲಿ ಅವನ ಅವ್ವ ಚಿಕ್ಕನಿಂಗಮ್ಮನ ಮುಸುಕಿನ ಜೋಳ.

ಅವ್ವ ಆಗಲೇ ಎರಡು ಸಲ ಫೋನ್ ಮಾಡಿದ್ದಳು. "ಬೇಲಿ ಕಂಬ ನಿಲ್ತವೇನ್ಲಾ ಮಗಾ? ಅಟ್ಟಣೆ ಮೇಲೆ ಕಾವಲು ಕುಂತು ಕುಂತು ಸೊಂಟ ಓಯ್ತು."

"ನಿಲ್ಲುಸ್ತಾವ್ನಿ ಇರವ್ವ."

ಅಡ್ಡ ಗ್ರಾಫನ್ನು ಕಣ್ಣೆತ್ತಿಯೂ ನೋಡುವುದಿಲ್ಲವೆಂದು ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು. ಅಟೆಂಡರ್ ಪುಟ್ಟಸಿದ್ದಯ್ಯ ಪ್ರಿಂಟನ್ನು ಕಿತ್ತುಕೊಂಡು ತಿರುಗಿಸಿ ಹಿಡಿದ. "ತಕೊ, ನಿಂತ್ಕಂಡ್ವು. ಇದ್ಕೂ ಡಿಗ್ರಿ ಬೇಕಾ?"

"ಈಗ ಅಕ್ಷರ ಮಲಿಕಂಡ್ವಲ್ಲಣ್ಣ."

"ಸಾಹೇಬ್ರು ಕತ್ತು ವಾರೆ ಮಾಡ್ಕತಾರೆ ಬುಡು."

ಅವನು ಏನೇನೋ ತಿದ್ದಿದ. ಒಮ್ಮೆ ಕಂಬಗಳು ದಾರದೆಳೆಯಾದವು, ಒಮ್ಮೆ ಬಾವಲಿಯಂತೆ ತಲೆಕೆಳಗಾಗಿ ಜೋತವು. ಎರಡೂವರೆಗೆ ಪಕ್ಕದ ಮೇಜಿನ ರತ್ನ ಡಬ್ಬಿ ತೊಳೆದುಕೊಂಡು ಬಂದು ಇಣುಕಿದಳು.

"ಬ್ಲಾಕು, ಆನೆ ಲೆಕ್ಕ, ಎರಡು ಕಾಲಮ್ಮೂ ನಂಬರೇ. ಯಾವ್ದು ನೆಲ, ಯಾವ್ದು ಎತ್ತರ ಅಂತ ಪಾಪ ಅದ್ಕೆ ಹೆಂಗೆ ಗೊತ್ತಾಯ್ತದೆ? ಬ್ಲಾಕ್ ನಂಬರು ಲೆಕ್ಕ ಅಲ್ಲ ಕಣಣ್ಣ, ಬರೀ ಹೆಸ್ರು. ಅಕ್ಷರ ಅಂತ ಹೇಳು."

ಹೇಳಿದ. ಮೇಷ್ಟ್ರನ್ನು ಕಂಡ ಮಕ್ಕಳಂತೆ ಕಂಬಗಳು ಎದ್ದು ನಿಂತವು. ಪ್ರಿಂಟು ಹೊರಬರುವಷ್ಟರಲ್ಲಿ ಜೀಪೂ ಬಂತು.

ಸಾಹೇಬರು ಕನ್ನಡಕವನ್ನು ಹಣೆಗೇರಿಸಿ ದೂರದಿಂದ ನೋಡಿದರು. "ಚೆನ್ನಾಗಿ ನಿಂತಿವೆ ಕಣ್ರಿ. ಆದ್ರೆ ಉದ್ದದ್ದು ಒಂದು ಇಲ್ಲಿ, ಇನ್ನೆರಡು ಅಲ್ಲಿ. ಮಧ್ಯೆ ಮೂರು ಗಿಡ್ಡವು. ಅಕ್ಕಪಕ್ಕ ಇಲ್ವಲ್ಲ. ಈ ವರ್ಷ ಬೇಲಿ ಬೇಡ." ಸಹಿ ಹಾಕಿ ಕೊಳ್ಳೇಗಾಲದ ಕಡೆ ಹೊರಟೇಬಿಟ್ಟರು.

ಶಿವಕುಮಾರಸ್ವಾಮಿ ಆಗ ಕಂಬಗಳ ಬುಡ ನೋಡಿದ. 1, 10, 11, 12. ಆಮೇಲೆ 2, 3.

"ಅಕ್ಷರ ಮಾಡುದ್ವಲ್ಲಣ್ಣ," ರತ್ನ ಮೆಲ್ಲಗೆ ಅಂದಳು, "ನಿಘಂಟಿನ ತರ ಜೋಡುಸ್ಬುಟ್ಟದೆ. ಒಂದ್ರಿಂದ ಶುರುವಾಗೋವೆಲ್ಲ ಮೊದ್ಲು."

ಅವನು ಸಾಹೇಬರಿಗೆ ಫೋನ್ ಮಾಡಿ ಸಾಲು ತಪ್ಪಿದ್ದನ್ನು ಹೇಳಿದ. "ಸಹಿ ಆಗೋಯ್ತಲ್ರೀ. ಮುಂದಿನ ವರ್ಷ ನೋಡೋಣ," ಅಂದರು.

ಇಟ್ಟ ಫೋನು ಮತ್ತೆ ಹೊಡೆದುಕೊಂಡಿತು.

"ಕಂಬ ನಿಂತ್ವಾ ಮಗಾ?"

ಅವನು ಪರದೆ ನೋಡಿದ. ಒಂದೊಂದೂ ನೆಟ್ಟಗೆ ನಿಂತಿತ್ತು.

"ನಿಂತ್ವು ಕಣವ್ವ," ಅಂದ.

"ಅಂಗಾರೆ ಸರಿ ಬುಡು. ನೀ ಅಂದ್ಯಲ್ಲ ಅಂತ ಅಟ್ಟಣೆ ಆಗ್ಲೇ ಬಿಚ್ಚಾಕುಸ್ಬುಟ್ಟೆ ಕಣ್ಲಾ."