‘ಇಲ್ಲಾ’ ಬ್ಯಾಂಕಿನವರಿಗೆ, ಇರೋ ಗ್ರಾಹಕನಿಂದ

ಮಾನ್ಯರೇ,

ಹಲಸೂರು ಕೆರೆ ಪಕ್ಕದ ಮೂವತ್ತೊಂದು ವರ್ಷದಿಂದ ತಮ್ಮ ಗ್ರಾಹಕನಾಗಿರೋ ಭೀಮೇಶ್ ಮಾಡೋ ನಮಸ್ಕಾರಗಳು. ಬರೆಯೋಕೆ ಕೂತ್ರೆ ನಂಗೆ ನಿದ್ದೆ ಬರುತ್ತೆ, ಮಾತಾಡೋಕೆ ಕೂತ್ರೆ ಬೇರೆಯವ್ರಿಗೆ ಬರುತ್ತೆ, ಅದಕ್ಕೇ ಇದನ್ನ ಫೋನಿಗೆ ಹೇಳ್ತಾ ಹೋಗ್ತಿದೀನಿ, ಮಗಳು ತೇಜಶ್ರೀ ಕೇಳ್ಕೊಂಡು ಟೈಪ್ ಮಾಡ್ತಾಳೆ. ತಪ್ಪಿದ್ರೆ ಅವಳದು.

ಮೊದಲು ಅಭಿನಂದನೆ. ‘ದಂಡು ಜನೋಪಕಾರಿ ಬ್ಯಾಂಕ್’ ಅನ್ನೋ ಹಳೇ ಹೆಸರು ಹೇಳೋಕೆ ಎರಡು ಉಸಿರು ಬೇಕಿತ್ತು, ಒಪ್ತೀನಿ. ತಾವು ಅದನ್ನ ಇಳಿಸಿ, ಬೆಳಕಿಗೆ ಸಂಬಂಧಪಟ್ಟ ಯಾವುದೋ ಉದ್ದದ ಇಂಗ್ಲಿಷ್ ಪದನ ಅರ್ಧಕ್ಕೆ ಕತ್ತರಿಸಿ, ‘ಇಲ್ಲಾ’ ಅಂತ ನಾಮಕರಣ ಮಾಡಿದ್ರಿ. ಹೆಸರು ಹುಡುಕಿಕೊಟ್ಟ ಕಂಪನಿಯವರು ದೂರದ ಊರಿನವರಂತೆ. ಗೊತ್ತಾಗುತ್ತೆ ಬಿಡಿ ಸಾರ್. ನಮ್ಮ ಕಡೆ ಕನ್ನಡದವರ ಕಿವಿಗೂ ಅದು ‘ಇಲ್ಲ’, ತಮಿಳಿನವರ ಕಿವಿಗೂ ‘ಇಲ್ಲ’, ಇನ್ನು ಶಿವಾಜಿನಗರದ ಆದಿಲ್ ಭಾಯ್ ಒಬ್ರು ಸುಮ್ನಿರ್ತಾರೇನೋ ಅಂದ್ಕೊಂಡ್ರೆ ಅವರು ಉರ್ದುಗೆ ತರ್ಜುಮೆ ಮಾಡ್ಕೊಂಡು ‘ನೈ ಬ್ಯಾಂಕ್’ ಅಂತ ಶುರು ಹಚ್ಕೊಂಡಿದಾರೆ.

ಆದ್ರೂ ತಮ್ಮ ಪ್ರಾಮಾಣಿಕತೆ ಮೆಚ್ಚಬೇಕು. ರಸ್ತೆ ಮೂಲೇಲಿ ‘ಇಲ್ಲಾ ಎಟಿಎಂ’ ಅಂತ ಅಷ್ಟು ದೊಡ್ಡದಾಗಿ ಬರೆಸಿದೀರಿ, ಅದನ್ನ ಓದಿ ನಮ್ಮ ಬೀದಿ ಮಾರಿಯಾ ಟೀಚರ್ ಬೇರೆ ಎಟಿಎಂ ಹುಡ್ಕೊಂಡು ಬಿಸಿಲಲ್ಲಿ ಇಂದಿರಾನಗರದ ತನಕ ನಡ್ಕೊಂಡು ಹೋದ್ರು. ಬಾಗಿಲ ಮೇಲಂತೂ ‘ನಿಮ್ಮ ಪ್ರತಿಯೊಂದು ಅಗತ್ಯಕ್ಕೂ ಇಲ್ಲಾ’. ಬೇರೆ ಬ್ಯಾಂಕಿನವರು ಇದನ್ನ ಮೂರು ಕೌಂಟರ್ ಸುತ್ತಿಸಿ ಹೇಳ್ತಾರೆ, ತಾವು ಹೊಸ್ತಿಲಲ್ಲೇ ಹೇಳ್ತೀರಿ.

ಇಷ್ಟೇ ಆಗಿದ್ರೆ ನಾನು ತಮಗೆ ತೊಂದರೆ ಕೊಡ್ತಿರಲಿಲ್ಲ. ನನ್ನ ತಂಗಿ ಮಗ ಪ್ರೇಮ್‌ಕುಮಾರ್ ತಮ್ಮ ಹಲಸೂರು ಬ್ರಾಂಚಲ್ಲೇ ಕ್ಯಾಷಿಯರ್. ಹೋದ ಭಾನುವಾರ ಅವನಿಗೆ ಹೆಣ್ಣು ನೋಡೋಕೆ ಕೆ.ಆರ್.ಪುರಕ್ಕೆ ಹೋಗಿದ್ವಿ. ಹುಡುಗಿ ಹಂಸ, ಬಂಗಾರದಂಥ ಹುಡುಗಿ. ಕಾಫಿ ಲೋಟ ಕೈ ಬದಲಾಗೋ ಹೊತ್ತಿಗೆ ಇಬ್ರೂ ನಕ್ಕಿದ್ದನ್ನ ನಾನು ಕಣ್ಣಾರೆ ಕಂಡೆ. ಆ ಮನೇಲಿ ಕೊನೇ ಮಾತು ಅಜ್ಜಿ ಬೈರಮ್ಮನದು. ಆಯಮ್ಮ ವೀಳ್ಯದೆಲೆ ಮಡಚ್ತಾ, “ಮಗಾ, ಕೆಲ್ಸ?” ಅಂದ್ರು. ಹೊಸ ಹೆಸರೇ ಹೇಳ್ಬೇಕು ಅಂತ ತಮ್ಮ ಸುತ್ತೋಲೆ ಇದೆಯಲ್ಲ, ಇವನು ಎದೆಯುಬ್ಬಿಸಿ, “ಇಲ್ಲಾ” ಅಂದ.

“ಅಯ್ಯೋ ಪಾಪ. ಮುಂಚೆ ಎಲ್ಲಿದ್ದೆ?”

“ದಂಡು ಬ್ಯಾಂಕಲ್ಲಿ ಅಜ್ಜಿ. ಹೋದ್ ತಿಂಗ್ಳಿಂದ ಇಲ್ಲಾ.”

“ಕೈ ಏನಾದ್ರೂ ಉದ್ದ ಮಾಡಿದ್ಯೇನಪ್ಪ?”

ನಾನು ಮಧ್ಯ ಬಾಯಿ ಹಾಕಿ, “ಅಮ್ಮಾ, ಕೆಲ್ಸ ಇದೆ, ಇಲ್ಲಾದಲ್ಲಿ ಇದೆ” ಅಂದೆ. “ಇದೆಯೋ ಇಲ್ವೋ, ಯಾವ್ದಾದ್ರೂ ಒಂದು ಹೇಳ್ರಪ್ಪ” ಅಂದ್ರು. ಹುಡುಗ ಗುರುತಿನ ಚೀಟಿ ತೆಗೆದು ಕೊಟ್ಟ. ಅದ್ರಲ್ಲಿ ಅವನ ಫೋಟೋ, ಅದ್ರ ಕೆಳಗೆ ‘ಕ್ಯಾಷಿಯರ್’, ಅದ್ರ ಕೆಳಗೆ ಕೆಂಪಕ್ಷರದಲ್ಲಿ ‘ಇಲ್ಲಾ’. ಬೈರಮ್ಮ ಕನ್ನಡಕ ಹಾಕ್ಕೊಂಡು ಓದಿ, “ನೋಡಿ, ಅವರೇ ಬರ್ದು ಕಳ್ಸವ್ರೆ” ಅಂತ ಚೀಟಿ ವಾಪಸ್ ಕೊಟ್ರು. ಬೈಯಪ್ಪನಹಳ್ಳಿ ಬರೋ ತನಕ ಹುಡುಗ ಮೆಟ್ರೋ ಕಿಟಕಿ ಬಿಟ್ಟು ಮುಖ ಈ ಕಡೆ ತಿರುಗಿಸ್ಲಿಲ್ಲ.

ಆದ್ದರಿಂದ ಮಾನ್ಯರೇ, ನನ್ನ ವಿನಮ್ರ ಕೋರಿಕೆ. ಬ್ರಾಂಚಿನ ಜನರೇಟರ್ ಪಕ್ಕ ಒರಗಿಸಿಟ್ಟಿರೋ ಹಳೇ ಬೋರ್ಡನ್ನ ಟೆಂಪೋಗೆ ಹಾಕ್ಕೊಂಡು, ತಮ್ಮ ಛೇರ್ಮನ್ನರು ಖುದ್ದಾಗಿ ಬೈರಮ್ಮನ ಜಗಲಿ ಮೇಲೆ ನಿಂತು ಈ ಹುಡುಗನಿಗೆ ಕೆಲ್ಸ ಉಂಟು ಅಂತ ಹೇಳ್ಬೇಕು. ಅದು ಕಷ್ಟ ಅನ್ನಿಸಿದ್ರೆ, ಕನ್ನಡ ತಮಿಳು ಎರಡರಲ್ಲೂ ‘ಇಲ್ಲ’ ಅನ್ನೋದಕ್ಕೆ ಬೇರೆ ಪದ ಹುಡುಕಿ ಶನಿವಾರದೊಳಗೆ ಚಾಲ್ತಿಗೆ ತರಿಸ್ಬೇಕು. ಹೆಸರು ಹುಡುಕೋ ಕಂಪನಿ ಹೇಗೂ ತಮಗೆ ಗೊತ್ತಿದೆ.

ಹೆಸರು ಹೋದ್ರೂ ಜಾಗ ಬಿಡದ
ತಮ್ಮ ವಿಶ್ವಾಸಿ,
ಭೀಮೇಶ್

ತಾ.ಕ.: ಇಷ್ಟು ಹೇಳಿ ಮುಗಿಸೋದ್ರಲ್ಲಿ ಹಂಸ ಫೋನ್ ಮಾಡಿದ್ಲು. ಬೈರಮ್ಮ ಅಮಾವಾಸ್ಯೆ ನೋಡೋದು ಅಡುಗೆಮನೇಲಿರೋ, ಹಳೇ ಹೆಸರಿನ ತಮ್ಮ ಬ್ಯಾಂಕ್ ಕ್ಯಾಲೆಂಡರಲ್ಲೇ ಅಂತೆ. ಅವಳು ಪ್ರೇಮನಿಂದ ಹಳೇ ಗುರುತಿನ ಚೀಟಿ ಫೋಟೋ ತರಿಸ್ಕೊಂಡು, ಕ್ಯಾಲೆಂಡರ್ ಪಕ್ಕ ಹಿಡಿದು, ಎರಡ್ರಲ್ಲೂ ಒಂದೇ ಹೆಸರು ಅಂತ ಅಜ್ಜಿಗೆ ಓದಿಸಿ, ಬ್ಯಾಂಕ್ ಅದೇ, ಬೋರ್ಡ್ ಮಾತ್ರ ಬದಲಾಗಿದೆ, ಹುಡುಗ ಈಗ್ಲೂ ಅಲ್ಲೇ ಇದಾನೆ ಅಂತ ಬಿಡಿಸಿ ಹೇಳಿದ್ಲಂತೆ. ಅಜ್ಜಿ ಒಪ್ಪಿದಾರೆ, ಆದ್ರೆ ಲಗ್ನಪತ್ರಿಕೇಲಿ ಹುಡುಗನ ಹೆಸರಿನ ಕೆಳಗೆ ‘ದಂಡು ಬ್ಯಾಂಕ್’ ಅಂತಲೇ ಇರ್ಬೇಕಂತೆ. ತಮ್ಮ ಆಕ್ಷೇಪಣೆ ಏನಾದ್ರೂ ಇದ್ಯಾ? ಉತ್ತರ ಬರೆಯೋ ಶ್ರಮ ಬೇಡ ಸಾರ್, ತಮ್ಮ ಹೊಸ ಲೆಟರ್‌ಹೆಡ್ ಖಾಲಿ ಕಳ್ಸಿ, ನಾವು ಓದ್ಕೋತೀವಿ.