ಯಾರಿಗೂ ಪಾಲಾಗದ ಸಂಖ್ಯೆ

ಹುಮನಾಬಾದಿನ ಸೂರ್ಯಕಾಂತ ಮಾಸ್ತರರು ಒಂದು ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕಿದ್ದಾರೆ, ಸಂಜೆ ಶಾಲೆಗಳ ಇನ್‌ಸ್ಪೆಕ್ಟರ್ ಸಾಹೇಬರು ಅವರಿಗೆ ಶಾಲು ಹೊದಿಸುತ್ತಾರೆ ಎಂಬ ಸುದ್ದಿ ಬಂದಾಗ, ಕಲ್ಯಾಣದ ತುಳಜಾರಾಮ ಮಾಸ್ತರರು ಕುಡಿಯುತ್ತಿದ್ದ ಚಹದ ಬಸಿಯನ್ನು ನೆಲಕ್ಕೆ ಕುಕ್ಕಿದರು. ನಿಜಾಮರ ಆಳಿಕೆ ಹೋಗಿ ಎರಡು ವರ್ಷವಾಗಿತ್ತು. ಯಾರ ಆಳಿಕೆ ಹೋದರೂ ಈ ಸೀಮೆಯ ಲೆಕ್ಕದ ಹುಲಿ ತಾನೇ ಎಂದು ಅವರು ನೆಮ್ಮದಿಯಾಗಿದ್ದರು.

“ಮೂರು ಲಕ್ಷ ಮೂವತ್ಮೂರು ಸಾವಿರದ ಆರನೂರಾ ಅರವತ್ತೇಳಂತ,” ಎಂದಳು ಹೆಂಡತಿ ರುಕ್ಮಿಣಿಬಾಯಿ. “ಒಂದು ಬಿಟ್ರ, ತನ್ನನ್ನ ತಾನು ಬಿಟ್ರ, ಮತ್ಯಾವುದಕ್ಕೂ ಭಾಗ ಹೋಗಂಗಿಲ್ಲಂತ್ರಿ. ಭಾಳ ಶಾಣ್ಯಾರು ಅದಾರ ಆ ಮಾಸ್ತರು!”

“ನೀ ಸುಮ್ನ ರೊಟ್ಟಿ ಬಡಿ!”

ಅವಳು ಆಗಷ್ಟೇ ಸಾರಿಸಿದ್ದ ನೆಲದ ಮೇಲೆ ಸೀಮೆಸುಣ್ಣ ಹಿಡಿದು ಮಾಸ್ತರರು ಭಾಗಾಕಾರಕ್ಕೆ ಕೂತರು. ಬೇರೆ ಯಾವುದಾದರೂ ಸಂಖ್ಯೆಗೆ ಭಾಗ ಹೋದರೆ ಸಾಕು, ತುಂಬಿದ ಸಭೆಯಲ್ಲಿ ಸೂರ್ಯಕಾಂತರ ಶಾಲು ಜಾರುತ್ತದೆ. ಐದುನೂರ ಎಪ್ಪತ್ತೇಳರವರೆಗೆ ನೋಡಿದರೆ ಮುಗಿಯಿತು. ಅದರಾಚೆಯ ಸಂಖ್ಯೆಗೆ ಭಾಗ ಹೋಗುವುದಾದರೆ ಅದರ ಜೊತೆಗಾರ, ಅಂದರೆ ಭಾಗಲಬ್ಧ, ಈಚೆಯೇ ಸಿಕ್ಕಿಬೀಳಬೇಕು. ಏಳಕ್ಕೆ ಐದು ಉಳಿಯಿತು. ಹನ್ನೊಂದಕ್ಕೆ ನಾಲ್ಕು. ನೆಲ ತುಂಬಿತು, ಗೋಡೆ ತುಂಬಿತು, ಲೆಕ್ಕ ಪಕ್ಕದ ಮನೆಗೆ ದಾಟಿತು.

“ಏನ್ರಿ ಮಾಸ್ತರ, ನನ್ನ ಗ್ವಾಡಿಗಿ ರಂಗೋಲಿ ಹಾಕಾಕತ್ತೀರಿ?” ಎಂದು ಬಿಸ್ಮಿಲ್ಲಾ ಬೀ ಹೊರಬಂದಳು. ವಿಷಯ ಕೇಳಿ ಗಲ್ಲಕ್ಕೆ ಕೈಯಿಟ್ಟಳು. “ಪಾಲ ಆಗಂಗೇ ಇಲ್ಲೇನು? ಯಾ ಅಲ್ಲಾ, ನಮ್ಮ ಹೊಲಾ ಹಂಗ ಇದ್ದಿದ್ರ ಮೈದುನರ ಕಾಟ ತಪ್ಪತಿತ್ತಲ್ರಿ!”

ದರ್ಜಿ ಮೊಹಿನುದ್ದೀನ್ ತಾನೂ ಒಂದಿಷ್ಟು ಭಾಗಿಸುತ್ತೇನೆಂದು ಕೂತವನು ಸ್ವಲ್ಪ ಹೊತ್ತಿಗೆ ಕೂಗಿದ. “ಹೋತ್ರಿ! ಮೂವತ್ತೇಳಕ್ಕ ಹೋತು!”

ಮಾಸ್ತರರು ಕರುವಿನಂತೆ ನೆಗೆದು, ಓಣಿಗೆಲ್ಲ ಬೆಲ್ಲ ಹಂಚಿಸಿದರು. ಆಮೇಲೆ ಕೇಳಿದರು, “ಏನೂ ಉಳೀಲಿಲ್ಲಲ್ಲ?”

“ಬರೇ ಒಂದು ಉಳದದ್ರಿ. ಅಂಗಿ ಕತ್ತರಸಿದ್ರ ಚಿಂದಿ ಉಳಿಯೂದಿಲ್ಲೇನ್ರಿ? ಅದನ್ನ ಯಾರು ಎಣಸ್ತಾರ?”

ಬೆಲ್ಲ ಆಗಲೇ ಊರ ಹೊಟ್ಟೆ ಸೇರಿತ್ತು. ಕೊನೆಗೆ ಐದುನೂರ ಎಪ್ಪತ್ತೇಳೂ ಕೈಕೊಟ್ಟಿತು. ಸಭೆಗೆ ಹೋಗದಿದ್ದರೆ ಜನ ಹೊಟ್ಟೆಕಿಚ್ಚು ಅನ್ನುತ್ತಾರೆಂದು ಮಾಸ್ತರರು ಹೊಟ್ಟೆಕಿಚ್ಚಿನಲ್ಲೇ ಹುಮನಾಬಾದಿನ ಬಸ್ಸು ಹತ್ತಿದರು.

ಸಭೆಯಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಶಾಲು ಬಿಚ್ಚಿದವರು ಕೈ ತಡೆದರು. “ಭಾಗ ಹೋಗೋದಿಲ್ಲ ಅನ್ನೋದಕ್ಕೆ ಪುರಾವೆ ಏನು ಮಾಸ್ತರೆ? ಎಲ್ಲದರಿಂದಲೂ ಭಾಗಿಸಿ ನೋಡಿದ್ದೀರಾ?”

ಸೂರ್ಯಕಾಂತರ ಮುಖ ನೀರು ಬಿದ್ದ ಹಪ್ಪಳವಾಯಿತು. “ಅದು... ನೋಡೀನ್ರಿ...”

ಸಾಹೇಬರು ಶಾಲನ್ನು ಮತ್ತೆ ಮಡಚತೊಡಗಿದರು. ತುಳಜಾರಾಮರು ಸುಮ್ಮನೆ ಕೂತಿದ್ದರೆ ಸಾಕಿತ್ತು. ಆದರೆ ತಾನು ಪಟ್ಟ ಪಾಡು ಇನ್ನೊಬ್ಬರ ಹೆಸರಿಗೆ ಹೋಗುವುದೆಂದರೇನು? ತಟ್ಟನೆ ಎದ್ದರು.

“ಅವರೆಲ್ಲಿ ನೋಡ್ಯಾರ್ರಿ? ನೋಡಿದಾವ ನಾನು! ಮುಂಜಾನಿಂದ ಒಂದೂ ಬಿಡದ ಭಾಗಿಸೇನಿ. ಯಾವುದಕ್ಕೂ ಹೋಗಂಗಿಲ್ಲ!”

“ಶಾಭಾಸ್! ಕಲ್ಯಾಣದ ಮಾಸ್ತರರೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಬೇಕು?” ಎಂದು ಸಾಹೇಬರು ಶಾಲನ್ನು ಸೂರ್ಯಕಾಂತರಿಗೆ ಹೊದಿಸಿಯೇಬಿಟ್ಟರು.

ಚಪ್ಪಾಳೆಯ ನಡುವೆ ಸೂರ್ಯಕಾಂತರು ತುಳಜಾರಾಮರನ್ನು ತಬ್ಬಿಕೊಂಡು ಕಿವಿಯಲ್ಲಿ ಉಸುರಿದರು. “ನಾ ಹದಿಮೂರರ ತನಕಾ ಅಷ್ಟ ನೋಡಿದ್ದೆರಿ. ಬರೂ ತಿಂಗಳ ಇದಕ್ಕಿಂತ ದೊಡ್ಡದೊಂದು ಹೇಳಾವಿದ್ದೀನಿ. ಅಲ್ಲೀ ತನಕಾ ನಿಮ್ಮ ಹೊಟ್ಟಿಕಿಚ್ಚು ಆರಗೊಡಬ್ಯಾಡ್ರಿ.”